ಜಗಲಿಯಲ್ಲಿ ಓದಿದ ಆನೆಮರಿಯ ಕಾಗದ

ಕೊಯಮತ್ತೂರು,
ಭಾನುವಾರ, ೯ ಡಿಸೆಂಬರ್ ೧೯೫೬

ನನ್ನ ಕಣ್ಣು ಲಿಂಗೂ,

ಹೇಗಿದ್ದೀಯಪ್ಪ? ಕೆಮ್ಮು ಇಳಿಯಿತೇ? ದಸರೆಯಿಂದ ಈಚೆಗೆ ನೀನು ಬರೆಯುವುದೆಲ್ಲ ಬರೀ ಕಾರ್ಡು, ಅದರಲ್ಲಿ 'ಸೌಖ್ಯ' ಎಂಬ ಒಂದೇ ಮಾತು. ಅದನ್ನು ನಂಬಲು ನಾನೇನು ನಿನ್ನ ಫಾರೆಸ್ಟ್ ರೇಂಜರೇ? ಬೆಟ್ಟದ ಮೇಲೆ ಈಗ ಮಂಜು ಸುರಿಯುತ್ತಿರಬೇಕು. ನಿಮ್ಮಪ್ಪ ನೆಯ್ದುಕೊಟ್ಟ ದುಪ್ಪಟಿಯನ್ನು ಪೆಟ್ಟಿಗೆಯಲ್ಲಿ ಮಡಿಸಿಟ್ಟು ಪೂಜೆ ಮಾಡಬೇಡ, ಹೊದ್ದುಕೋ. ಮಲಗುವ ಮುಂಚೆ ಬಿಸಿನೀರಿಗೆ ಮೆಣಸು ಜಜ್ಜಿ ಹಾಕಿ ಕುಡಿ. ಇಲ್ಲಿ ನಾವಿಬ್ಬರೂ ಇದ್ದೇವೆ. ನಿಮ್ಮಪ್ಪನ ಮೊಣಕಾಲು ಹಾಗೇ ಇದೆ; ಬೆಳಿಗ್ಗೆ ಗುಂಡಿಮಗ್ಗದೊಳಕ್ಕೆ ಕಾಲಿಳಿಸಿ ಕೂತರೆ ಸಂಜೆ ನಾನೇ ಕೈಕೊಟ್ಟು ಎಬ್ಬಿಸಬೇಕು. ನನ್ನ ತವರು ಕೊಳ್ಳೇಗಾಲ ಹೋದ ತಿಂಗಳು ಮೈಸೂರು ರಾಜ್ಯಕ್ಕೆ ಸೇರಿತು, ಗೊತ್ತೇ? ಮೊನ್ನೆಮೊನ್ನೆಯವರೆಗೆ ನಮ್ಮ ಜಿಲ್ಲೆಯಲ್ಲೇ ಇದ್ದ ಊರು. ಊರು ಇದ್ದಲ್ಲೇ ಇದೆ, ನಾನೂ ಇದ್ದಲ್ಲೇ ಇದ್ದೇನೆ, ಆದರೂ ಈಗ ನಾನು ಪರರಾಜ್ಯದ ಮಗಳಂತೆ. ಇತ್ತೀಚೆಗೆ ನನಗೆ ಯಾವುದೂ ನೆಟ್ಟಗೆ ಅರ್ಥವಾಗುತ್ತಿಲ್ಲ. ತಲೆಯೆಲ್ಲ ಗೋಜಲಾಗಿದೆ, ಅದಕ್ಕೇ ಈ ಉದ್ದದ ಕಾಗದ.

ನಮ್ಮ ಬೀದಿಯ ಸಂಗತಿ ನಿನಗೆ ಹೊಸದಲ್ಲ. ಮನೆಯೊಳಗೆ ಎಲ್ಲರದೂ ಕನ್ನಡ ಬಾಯಿ, ಅಕ್ಷರ ಬಂದರೆ ತಮಿಳು ಮಾತ್ರ. ಮೈಸೂರು ಕಡೆಯಿಂದ ನೆಂಟರ ಕಾಗದ ಬಂದರೆ ಎಲ್ಲರೂ ನಮ್ಮ ಜಗಲಿಗೇ ತರಬೇಕು, ಕನ್ನಡ ಅಕ್ಷರ ಕಲಿತು ಬಂದವಳು ನಾನೊಬ್ಬಳೇ. ಮದುವೆಯಾಗಿ ಬಂದ ವರ್ಷದಿಂದ ಓದುತ್ತಿದ್ದೇನೆ. ಒಳ್ಳೆಯದಿರಲಿ, ಕೆಟ್ಟದ್ದಿರಲಿ, ಇದ್ದದ್ದನ್ನು ಇದ್ದಹಾಗೆ ಓದುವುದು. ಕುಪ್ಪಮ್ಮನ ಗಂಡ ಹುಣಸೂರಿನಲ್ಲಿ ಬೇರೆ ಸಂಸಾರ ಹೂಡಿದ್ದೇನೆ, ಇನ್ನು ನನ್ನ ದಾರಿ ನೋಡಬೇಡ ಎಂದು ಬರೆದಾಗ ಅವಳು ನನ್ನೆದುರಿಗೇ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ಆದರೂ ಓದಿದೆ. ಮುಗಿದ ಮೇಲೆ ಅವಳು ಕೇಳಿದ್ದು ಒಂದೇ: "ಎಲ್ಲಾ ಓದಿದ್ಯಾ ಅಕ್ಕಾ? ಒಂದು ಸಾಲೂ ಬಿಟ್ಟಿಲ್ವಾ?" ಬಿಟ್ಟಿಲ್ಲ ಎಂದೆ. ನಂಬಿದಳು. ಬೇರೆಯವರ ಕಾಗದವನ್ನು ಹಾಗೆ ಓದುವವಳು ಸ್ವಂತ ಮಗನದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡರೆ ಚೆನ್ನಾಗಿರುತ್ತದೆಯೇ? ಅದಕ್ಕೆ ನಿನ್ನದನ್ನೂ ಜಗಲಿಯಲ್ಲೇ ಓದುತ್ತೇನೆ, ಅದು ನಿನಗೂ ಗೊತ್ತು. ಬೇಡವೆನಿಸಿದಾಗ ನೀನೇ ಮೇಲ್ಗಡೆ ಬರೆಯುತ್ತೀಯೆ. ಕೂರುವ ಜಾಗದಲ್ಲಿ ಹುಣ್ಣೆದ್ದಾಗ ಒಂದು ಸಲ, ಕರೂರಿನ ಹುಡುಗಿ ನಿನ್ನನ್ನು ಬೇಡವೆಂದಾಗ ಒಂದು ಸಲ, "ಅಮ್ಮಾ, ಇದು ನಿನಗೊಬ್ಬಳಿಗೆ" ಎಂದು ದಪ್ಪಕ್ಷರದಲ್ಲಿ ಬರೆದಿದ್ದೆ. ಅವೆರಡನ್ನೂ ನಾನು ಯಾರಿಗೂ ಓದಲಿಲ್ಲ. ಪಕ್ಕದ ಮನೆಯ ಸುಬ್ಬಾತಾಳ್ ಕೇಳಿ ಕೇಳಿ ಸೋತಳು.

ದಸರೆಯ ಹೊತ್ತಿಗೆ ಬಂದ ಆನೆಮರಿಯ ಕಾಗದದ ಮೇಲೆ ಅಂಥ ಮಾತೇನೂ ಇರಲಿಲ್ಲ. ಎಂದಿನಂತೆ ಓದಿದೆ. ಮೊದಲು ಅಕ್ಕಿ ಮುಗಿದ ವಿಷಯ, ಕೆಮ್ಮಿನ ವಿಷಯ. ಆಮೇಲೆ ಅದು. ಆನೆ ಹಿಡಿಯಲು ತೋಡಿದ ಗುಂಡಿಗೆ ದೊಡ್ಡದರ ಬದಲು ಹಾಲು ಕುಡಿಯುವ ಮರಿ ಬಿದ್ದದ್ದು, ತಾಯಿ ದಂಡೆಯ ಮೇಲೆ ನಿಂತು ಕೊಂಬೆ ಮುರಿದು ಹಾಕಿ, ಮರಿ ಹತ್ತಿ ಬರಲೆಂದು ಕಾಲಿನಿಂದ ಮಣ್ಣು ಕೆದರಿ ಕೆದರಿ ಒಳಕ್ಕೆ ತಳ್ಳಿದ್ದು, ನೀವೆಲ್ಲ ತಮಟೆ ಬಡಿದು ಪಂಜು ಬೀಸಿ ಅವಳನ್ನು ಓಡಿಸಿದ್ದು, ನೀನು ಕೆಳಗಿಳಿದು ರಾಗಿ ಗಂಜಿ ಕುಡಿಸಲು ನೋಡಿದ್ದು. ಮರಿ ಗಂಜಿ ಮುಟ್ಟದೆ ನಿನ್ನ ಹೆಬ್ಬೆರಳನ್ನು ಸೊಂಡಿಲಿನಲ್ಲಿ ಹಿಡಿದುಕೊಂಡು, ಹಿಡಿದುಕೊಂಡೇ ಸತ್ತದ್ದು. "ಬೆರಳು ಬಿಡಿಸಿಕೊಳ್ಳಲು ಮನಸ್ಸೇ ಬರಲಿಲ್ಲಮ್ಮಾ" ಎಂದು ಬರೆದಿದ್ದೆ. ಅಲ್ಲಿಗೆ ಬರುವಷ್ಟರಲ್ಲಿ ಸುಬ್ಬಾತಾಳ್ ಮೂಗು ಸೀಟಿಕೊಂಡು "ಅಯ್ಯೋ ಪಾವಂ, ಪಾವಂ" ಎಂದಳು. ನಿಮ್ಮಪ್ಪ ಒಳಗೆ ಲಾಳಿ ಎಸೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಆಮೇಲೆ ಮಾತ್ರ ತಮಗೇನೂ ಕೇಳಿಸಲೇ ಇಲ್ಲವೆಂದು ಸಾಧಿಸಿದರು.

ಸರಿಯಾಗಿ ಆ ಹೊತ್ತಿಗೆ ಚಂದ್ರಾ ಟೀಚರ್ ನೇಯಲು ಹೇಳಿದ್ದ ಸೀರೆ ತೆಗೆದುಕೊಂಡು ಹೋಗಲು ಬಂದಿದ್ದರು. ಪೀಳಮೇಡಿನ ಟೀಚರ್, ನೀನು ನೋಡಿದ್ದೀಯೆ. ಜೀವಕಾರುಣ್ಯ ಸಂಘ ಕಟ್ಟಿಕೊಂಡು, ಎತ್ತಿನ ಹೆಗಲ ಮೇಲೆ ಹುಣ್ಣು ಕಂಡರೆ ನಡುಬೀದಿಯಲ್ಲಿ ಗಾಡಿ ನಿಲ್ಲಿಸಿ ಜಗಳಕ್ಕೆ ಬೀಳುವವರು. ಅವತ್ತು ಸೀರೆ ಮರೆತೇ ಹೋದರು. ಮುಂದಿನ ವಾರ ಬರುವಾಗ ಮನು, ಅದೇ ಅರ್ಜಿ, ಬರೆದುಕೊಂಡೇ ಬಂದರು. ನಮ್ಮ ಎಂ.ಎಲ್.ಎ.ಗೆ ಒಂದು ಅರ್ಜಿ, ಮದರಾಸಿನ ಮಂತ್ರಿಗೆ ಒಂದು, ಕಲೆಕ್ಟರಿಗೆ ಒಂದು. ಮೂರರಲ್ಲೂ ಇದ್ದದ್ದು ಒಂದೇ ಬೇಡಿಕೆ, ಆನೆ ಹಿಡಿಯುವ ಗುಂಡಿಗಳನ್ನು ಮುಚ್ಚಿಸಬೇಕು ಎಂದು. ಮೊದಲ ರುಜು ನನ್ನದೇ ಆಗಬೇಕೆಂದರು. ಅರ್ಜಿ ತಮಿಳಿನಲ್ಲಿತ್ತು. ತಮಿಳು ಮಾತು ನನಗೆ ನೀರು ಕುಡಿದ ಹಾಗೆ, ಅಕ್ಷರ ಮಾತ್ರ ಇಂದಿಗೂ ಹತ್ತಲಿಲ್ಲ. ಟೀಚರ್ ಓದಿ ಹೇಳಿದರು, ನಾನು ಅಳುತ್ತ ಕೇಳಿದೆ, ಕನ್ನಡದಲ್ಲಿ ರುಜು ಹಾಕಿದೆ. ನನ್ನ ಹಿಂದೆ ಕುಪ್ಪಮ್ಮ, ಸುಬ್ಬಾತಾಳ್, ಹೀಗೆ ಬೀದಿಯ ಹೆಂಗಸರೆಲ್ಲ ಹೆಬ್ಬೆಟ್ಟು ಒತ್ತಿದರು. ನಿಮ್ಮಪ್ಪ ಒಳಗಿನಿಂದಲೇ, "ನಾನೂ ಚಿಕ್ಕಂದಿನಿಂದ ಗುಂಡಿಲೇ ಕೂತಿದೀನಿ, ನಂಗೊಂದು ಮನು ಯಾರು ಬರೀತಾರೆ?" ಎಂದರು. ಟೀಚರ್ ನಕ್ಕರು. ನನಗೆ ನಗು ಬರಲಿಲ್ಲ.

ಈಗ ಕೇಳು. ಮೊನ್ನೆ ಶುಕ್ರವಾರ ಫಾರೆಸ್ಟ್ ಆಫೀಸಿನಿಂದ ಜವಾನ ಬಂದಿದ್ದ. ಮಂತ್ರಿಗಳ ಕಡೆಯಿಂದ ವಿಚಾರಣೆ ಬಂದಿದೆಯಂತೆ. ಅರ್ಜಿಯೊಳಗೆ, ಗುಂಡಿಯ ಕಾವಲಿದ್ದ ಗಾರ್ಡೇ ತನ್ನ ತಾಯಿಗೆ ಹೀಗೆ ಬರೆದಿದ್ದಾನೆ ಎಂದು ಇದೆಯಂತೆ. ಆ ತಾಯಿಯ ರುಜುವೇ ಮೊದಲನೆಯದು! ಮಂಗಳವಾರ ಆಫೀಸರೊಬ್ಬರು ನಮ್ಮ ಮನೆಗೆ ಬರುತ್ತಾರೆ, ನಾನು ನಿನ್ನ ಕಾಗದವನ್ನು ಅವರೆದುರು ಓದಬೇಕು. ಒಳಗಿನ ಮಾತನ್ನು ಹೊರಗೆ ಹಾಕಿದವನನ್ನು ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ಜವಾನ ಹೋಗುವಾಗ ಮೆಲ್ಲಗೆ ಹೇಳಿದ. ನಮ್ಮ ವಂಶದಲ್ಲಿ ಮಗ್ಗ ಬಿಟ್ಟು ಸರ್ಕಾರದ ಕೆಲಸಕ್ಕೆ ಹೋದವನು ನೀನೊಬ್ಬನೇ. ಅದಿನ್ನೂ ಖಾಯಂ ಕೂಡ ಆಗಿಲ್ಲ. ತನ್ನ ಮಗನ ಕಾಲು ಗುಂಡಿಯಲ್ಲಿ ಕೊಳೆಯಬಾರದು ಎಂದು ನಿಮ್ಮಪ್ಪ ಯಾರ ಯಾರ ಕಾಲು ಹಿಡಿದರು, ಮರೆತಿದ್ದೀಯಾ?

ಬಸ್ಸು ಹತ್ತಿ ಪೀಳಮೇಡಿಗೆ ಓಡಿದೆ. ಹೀಗೆ ಬರೆದದ್ದನ್ನು ನನಗೇಕೆ ಓದಿ ಹೇಳಲಿಲ್ಲ ಎಂದು ಟೀಚರ ಮನೆ ಬಾಗಿಲಲ್ಲೇ ಕೂಗಾಡಿದೆ. "ಓದಿದೆನಲ್ಲಮ್ಮಾ, ಆವಾಗ ನೀವು ಅಳ್ತಾ ಇದ್ರಿ" ಎಂದರು. ಮುಖ ನೋಡಿದರೆ ಸುಳ್ಳು ಹೇಳುವವರಂತಿಲ್ಲ. ಓದಿದ್ದರೂ ಓದಿರಬಹುದು, ಅಳುವಿನಲ್ಲಿ ನನ್ನ ಕಿವಿಗೆ ಬೀಳದಿರಬಹುದು. ಇಲ್ಲವೇ, ಓದಿದರೆ ಈಯಮ್ಮ ರುಜು ಹಾಕುವುದಿಲ್ಲವೆಂದು ಆ ಸಾಲನ್ನು ಹಾರಿಸಿಯೂ ಇರಬಹುದು. ನಾನು ಹೇಗೆ ತಿಳಿಯಲಿ? ಇನ್ನೊಬ್ಬರ ಬಾಯಿ ನಂಬಿಕೊಂಡು ಎದುರಿಗೆ ಕೂರುವುದು ಎಂದರೆ ಏನೆಂದು ಈ ವಯಸ್ಸಿನಲ್ಲಿ ಗೊತ್ತಾಯಿತು. ಅವರ ಮೇಲೆ ಸಿಟ್ಟು ಮಾಡಿಕೊಂಡೇ ಅವರು ಕೊಟ್ಟ ಕಾಫಿ ಕುಡಿದು ಬಂದೆ.

ಇನ್ನೊಂದು ಗೊಂದಲ ಇದೆ, ಅದನ್ನೂ ಹೇಳಿಬಿಡುತ್ತೇನೆ. ಚಿಕ್ಕವನಿದ್ದಾಗ ನೀನು ನಿದ್ದೆಯಲ್ಲಿ ಬೆಚ್ಚಿಬಿದ್ದು ಕಿರುಚುತ್ತಿದ್ದೆ. ತಾಯತ, ಮಂತ್ರ, ಯಾವುದಕ್ಕೂ ಅದು ಬಗ್ಗಲಿಲ್ಲ. ಕೊನೆಗೆ ದೇವಸ್ಥಾನದ ಆನೆ ಶಿವಗಾಮಿಯ ಹೊಟ್ಟೆಯ ಕೆಳಗೆ ನಿನ್ನನ್ನು ದಾಟಿಸಿದೆವು. ಈ ಕಡೆಯಿಂದ ನಾನು ಕೊಟ್ಟೆ, ಆ ಕಡೆಯಿಂದ ನಿಮ್ಮಪ್ಪ ಎತ್ತಿಕೊಂಡರು. ಆ ತಾಯಿ ಒಂದು ಕಾಲನ್ನೂ ಅಲುಗಿಸಲಿಲ್ಲ. ಅವತ್ತಿಗೆ ನಿನ್ನ ಹೆದರಿಕೆ ಬಿಟ್ಟುಹೋಯಿತು, ಹೋಗಿ ಹೋಗಿ ಕಾಡಿನ ಕೆಲಸಕ್ಕೇ ಸೇರಿದೆ. ಆ ಶಿವಗಾಮಿಯೂ ಮರಿಯಾಗಿದ್ದಾಗ ಗುಂಡಿಗೆ ಬಿದ್ದು ಸಿಕ್ಕವಳೇ ಎಂದು ಮಾವುತ ಮುತ್ತುಸಾಮಿ ಮೊನ್ನೆ ಹೇಳಿದ. ಹಾಗಾದರೆ ಗುಂಡಿ ತೋಡದೇ ಇದ್ದಿದ್ದರೆ ಶಿವಗಾಮಿ ಎಲ್ಲಿಂದ ಬರುತ್ತಿದ್ದಳು, ನಿನ್ನ ಹೆದರಿಕೆ ಯಾರು ಬಿಡಿಸುತ್ತಿದ್ದರು? ಗುಂಡಿ ಮುಚ್ಚಿ ಎಂದು ರುಜು ಹಾಕಿದ ಕೈಯಲ್ಲೇ ಅವಳಿಗೆ ಬಾಳೆಹಣ್ಣು ಕೊಡುತ್ತೇನೆ, ಯಾವ ಮುಖ ಹೊತ್ತು ಕೊಡಲಿ? ನಮ್ಮ ಬೀದಿಯ ಮೋರಿಗೆ ಹೊಸ ಚಪ್ಪಡಿ ಹಾಕಿದ್ದಾರೆ. ಅಲ್ಲಿಗೆ ಬಂದರೆ ಅವಳು ನಿಂತೇಬಿಡುತ್ತಾಳೆ. ಸೊಂಡಿಲಿನಿಂದ ತಟ್ಟುತ್ತಾಳೆ, ಕಾಲಿಟ್ಟು ತೆಗೆಯುತ್ತಾಳೆ, ಮತ್ತೆ ತಟ್ಟುತ್ತಾಳೆ. ಮಕ್ಕಳು ಚಪ್ಪಾಳೆ ಹೊಡೆದು ನಗುತ್ತವೆ. ಮುಂಚೆ ನಾನೂ ನಗುತ್ತಿದ್ದೆ. ನಿನ್ನ ಕಾಗದ ಓದಿದ ಮೇಲೆ ನೋಡಲಾಗದೆ ಒಳಗೆ ಬಂದುಬಿಡುತ್ತೇನೆ.

ಮಂಗಳವಾರಕ್ಕೆ ಏನು ಮಾಡಲಿ ಹೇಳು. ಆ ಕಾಗದವನ್ನು ಒಲೆಗೆ ಹಾಕು, ಕಳೆದುಹೋಯಿತು ಎನ್ನು ಎಂದು ನಿಮ್ಮಪ್ಪ ಹೇಳುತ್ತಾರೆ. ಸುಬ್ಬಾತಾಳ್ ಅದಕ್ಕಿಂತ ಜಾಣೆ: "ಅವರಿಗೆ ಕನ್ನಡ ಎಲ್ಲಿ ತೆರಿಯುತ್ತೆ, ಎಲ್ಲಿ ಗೊತ್ತಾಗುತ್ತೆ ಅಕ್ಕಾ? ಅಕ್ಕಿ, ಕೆಮ್ಮು ಓದು, ಆನೆ ಬಂದಲ್ಲಿ ಹಾರಿಸು" ಎನ್ನುತ್ತಾಳೆ. ಹಾರಿಸಬಹುದು. ಆದರೆ ನಾನು ಓದುವಾಗ ಕುಪ್ಪಮ್ಮ ಎಂದಿನಂತೆ ಕಂಬದ ಹತ್ತಿರ ಕೂತಿರುತ್ತಾಳೆ. ಆ ಕಾಗದ ಅವಳಿಗೆ ಬಾಯಿಪಾಠ. ನಾನು ಸಾಲು ಹಾರಿಸಿ ಓದಬಲ್ಲೆ ಎಂದು ಅವಳಿಗೆ ತಿಳಿದ ಮೇಲೆ, ಅವಳ ಗಂಡನ ಕಾಗದದಲ್ಲಿ ನಾನು ಏನು ಹಾರಿಸಿದೆನೋ ಎಂದು ಅವಳು ಬದುಕಿರುವಷ್ಟು ದಿನವೂ ಯೋಚಿಸುವುದಿಲ್ಲವೇ? ಇತ್ತ ಓದಿದರೆ ನಿನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿದಂತೆ. ಆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, ದೀಪಕ್ಕೆ ಹಿಡಿದು ಹುಡುಕಿದೆ. "ಇದು ನಿನಗೊಬ್ಬಳಿಗೆ" ಎಂಬ ಮಾತು ಎಲ್ಲೂ ಇಲ್ಲ. ಹುಣ್ಣಿಗೆ ಬರೆದವನು ಮರಿಗೆ ಯಾಕೆ ಬರೆಯಲಿಲ್ಲ? ದುಃಖದಲ್ಲಿ ಮರೆತೆಯೋ, ಬೇಕೆಂದೇ ಬಿಟ್ಟೆಯೋ? ಅದನ್ನು ನನಗೆ ಬರೆದೆಯೋ, ನನ್ನ ಜಗಲಿಗೆ ಬರೆದೆಯೋ? ಮರುಟಪಾಲಿಗೆ ತಿಳಿಸು. ಇದು ನಿನ್ನ ಕೈಗೆ ಸೇರುವಷ್ಟರಲ್ಲಿ ಮಂಗಳವಾರ ಕಳೆದಿರುತ್ತದೆಂದು ಗೊತ್ತಿದ್ದೂ ಕೇಳುತ್ತಿದ್ದೇನೆ, ನಿನ್ನ ಅಮ್ಮ ಅಷ್ಟು ಪೆದ್ದಿ.

ತಾಯಿ ಚೌಡೇಶ್ವರಿ ನಿನ್ನ ಬೆನ್ನ ಹಿಂದೆಯೇ ಇರಲಿ. ನಿಮ್ಮಪ್ಪನ ಆಶೀರ್ವಾದ, ಕುಪ್ಪಮ್ಮ ಸುಬ್ಬಾತಾಳ್ ಇಬ್ಬರೂ ಕೇಳಿದ್ದಾರೆ. ದುಪ್ಪಟಿ ಮರೆಯಬೇಡ.

ನಿನ್ನ ಅಮ್ಮ,
ರಾಧಮ್ಮ

ತಾ.ಕ.: ಸೋಮವಾರ, ಅವಸರದಲ್ಲಿ ಬರೆಯುತ್ತಿದ್ದೇನೆ. ಇದನ್ನು ಅಂಚೆಗೆ ಹಾಕುವ ಮೊದಲೇ ಆ ಆಫೀಸರು ಬಂದು ಹೋದರು, ನಾಳೆಯವರೆಗೆ ಕಾಯಲಿಲ್ಲ. ವಯಸ್ಸಾದವರು, ಮರ್ಯಾದೆಯ ಮನುಷ್ಯ, ನೀರು ಕೇಳಿ ಕುಡಿದರು. ಕೆಮ್ಮಿನವರೆಗೆ ಓದಿ ನಿಲ್ಲಿಸಬೇಕೆಂದೇ ಕೂತಿದ್ದೆ. ಕುಪ್ಪಮ್ಮ ಕಂಬಕ್ಕೊರಗಿ ನನ್ನ ಬಾಯನ್ನೇ ನೋಡುತ್ತಿದ್ದಳು. ಆಗಲಿಲ್ಲ ಕಣ್ಣೂ. ಎಲ್ಲವನ್ನೂ ಓದಿದೆ, ಸಾಲು ಸಾಲಾಗಿ ತಮಿಳಿನಲ್ಲಿ ಅವರಿಗೆ ಹೇಳಿದೆ. ಹೆಬ್ಬೆರಳಿನ ಮಾತು ಬಂದಾಗ ಅವರು ಪೆನ್ನು ಮುಚ್ಚಿಬಿಟ್ಟರು, ಇನ್ನೊಂದು ಸಲ ಓದಮ್ಮಾ ಎಂದರು. ಓದಿದೆ. ಆಮೇಲೆ ಮೆತ್ತಗೆ ಕೇಳಿದರು: ನಿಮ್ಮ ಮಗ ನಿಮಗೆ ಮಾತ್ರ ಎಂದು ಬರೆದದ್ದನ್ನು ನೀವು ತಿಳಿಯದೆ ಬೀದಿಗೆ ಓದಿಬಿಟ್ಟಿರಿ, ಹಾಗೆ ಬರೆದುಕೊಳ್ಳಲೇ ಎಂದು. ನನಗೆ ರೋಷ ಬಂತು. "ಇಲ್ಲ ಸಾಮಿ, ನನಗೊಬ್ಬಳಿಗೇ ಆದರೆ ಅವನು ಮೇಲ್ಗಡೆ ಬರೆಯುತ್ತಾನೆ. ಇದು ಎಲ್ಲರೂ ಕೇಳಲಿ ಅಂತ ಬರೆದದ್ದು" ಎಂದುಬಿಟ್ಟೆ. ಅವರು ಮತ್ತೆ ಪೆನ್ನು ತೆರೆದು ಅದನ್ನೂ ಬರೆದುಕೊಂಡರು, ಕಾಗದವನ್ನೂ ತೆಗೆದುಕೊಂಡು ಹೋದರು. ನಿನ್ನನ್ನು ಉಳಿಸಲು ಅವರು ದಾರಿ ಮಾಡಿಕೊಟ್ಟಿದ್ದರು ಎಂದು ನನಗೆ ಹೊಳೆದದ್ದು ಅವರು ಬೀದಿ ತಿರುಗಿದ ಮೇಲೆ. ನಿನ್ನ ಕೆಲಸ ಕಳೆದೆನೋ, ನಿನ್ನ ಮನಸ್ಸಿನಲ್ಲಿದ್ದದ್ದನ್ನೇ ಹೇಳಿದೆನೋ, ನೀನೇ ಬರಿ. ಕಾರ್ಡು ಬೇಡ, ಕಾಗದ ಬರಿ. ಬೈದೇ ಬರಿ. ನನಗೊಬ್ಬಳಿಗೆ ಎಂದಿದ್ದರೆ ಮೇಲ್ಗಡೆ ಹಾಕು. ಹಾಕದಿದ್ದರೆ ಜಗಲಿಯಲ್ಲೇ ಕೂತು, ಬೈದದ್ದನ್ನೂ ಸೇರಿಸಿ, ಒಂದು ಸಾಲೂ ಬಿಡದೆ ಓದುತ್ತೇನೆ.