ಸೆಪ್ಪೊನ ಕಾಲಲ್ಲಿ ನಿನ್ನ ಬೂಟು

ಮಗನೇ ತೌನೊ,

ಈ ಕಾಗದ ಒಲೆಗೇ ಹೋಗುವುದು. ಆದರೂ ಹೇಳಬೇಕೆನಿಸಿತು.

ನಿನ್ನೆ ತಾಂಪೆರೆಯಲ್ಲಿ ಯುರೋಪಿನ ಹುಡುಗರ ಐಸ್ ಹಾಕಿ ಪಂದ್ಯಾವಳಿ ಮುಗಿಯಿತು. ಪಕ್ಕದ ಮನೆಯ ಸೆಪ್ಪೊ ನಮ್ಮ ದೇಶದ ಪರ ಆಡಿದ, ನಿನ್ನ ಸ್ಕೇಟ್ ಬೂಟು ಹಾಕಿಕೊಂಡು. ಮೀನು ಹಿಡಿಯಲು ಹೋದ ನೀನು ಸರೋವರದ ಮಂಜುಗಡ್ಡೆ ಒಡೆದು ಮುಳುಗಿದಾಗ ಅವು ಒಲೆಯ ಪಕ್ಕದ ಮೊಳೆಯಲ್ಲಿದ್ದವು. ನಮ್ಮ ಬೀದಿಯಲ್ಲಿ ಸ್ಕೇಟ್ ಬೂಟು ಸುಮ್ಮನೆ ನೇತಾಡಬಾರದು, ಒಬ್ಬನಿಗೆ ಬೇಡವಾದರೆ ಇನ್ನೊಬ್ಬನ ಕಾಲಿಗೆ ಹೋಗಬೇಕು. ಕೊಟ್ಟುಬಿಟ್ಟೆ.

ಜೆಕ್ ಹುಡುಗರು ನಮ್ಮವರನ್ನು ಸರಿಯಾಗಿ ಸೋಲಿಸಿದರು. ನಾನು ಸೆಪ್ಪೊನ ಕಾಲನ್ನಷ್ಟೇ ನೋಡುತ್ತಿದ್ದೆ.

"ಆಟ ಆ ಕಡೆ ನಡೀತಿದೆ ಕಣೇ, ನೀನೆಲ್ಲಿ ನೋಡ್ತಿದ್ದೀಯ?" ಎಂದಳು ಅವನ ಅಮ್ಮ.

ಆಮೇಲೆ ಸೆಪ್ಪೊ ಬೂಟನ್ನು ಚೆನ್ನಾಗಿ ಒರೆಸಿ ತಂದುಕೊಟ್ಟ.

"ಇವತ್ತು ಕಾಲ್ಬೆರಳು ಮಡಚ್ಕೊಂಡೇ ಆಡಿದೆ, ಚಿಕ್ಕಮ್ಮ. ಇನ್ಮೇಲೆ ನನ್ ಕಾಲಿಗಾಗಲ್ಲ. ಯಾರಾದ್ರೂ ಚಿಕ್ಕೋರಿಗೆ ಕೊಡಿ."

ಮತ್ತೆ ಮೊಳೆಗೆ ಹಾಕಿದ್ದೇನೆ. ಬೆಳೆಯುವ ಹುಡುಗ ಎಂದು ನಿನಗೆ ಅವನ್ನು ಒಂದು ಸೈಜು ದೊಡ್ಡದೇ ಕೊಡಿಸಿದ್ದೆ. ತುದಿಗೆ ತುರುಕಿದ್ದ ಉಣ್ಣೆಯನ್ನು ತೆಗೆಯುವಷ್ಟು ನೀನು ಬೆಳೆಯಲೇ ಇಲ್ಲ.

ಅಮ್ಮ