ಆ ಹುಡುಗ ಎಲ್ಲಿ ಉಂಡ?

ಜಿನ್ನಪ್ಪ ಕಾಕಾ ಅವರಿಗೆ, ಮೂಡಲಗಿ ಮಾಸ್ತರನ ಶರಣು. ನಿಮಗೆ ಹೇಳುವುದೊಂದು ಉಳಿದಿದೆ, ಕೇಳುವುದೊಂದು ಉಳಿದಿದೆ. ಕೇಳಿದ್ದಕ್ಕೆ ನೀವು ಉತ್ತರ ಕೊಡಲಾರಿರಿ. ಆದರೂ ಕೇಳದೆ ಬಿಡುವವನಲ್ಲ ನಾನು, ಅದು ನಿಮಗೆ ಗೊತ್ತು.

ಗೋಕಾಕದ ಬಜಾರಿನಲ್ಲಿ ನಿಮ್ಮ ಅರಿವೆ ಅಂಗಡಿಗೆ ನಾನು ಮೊದಲ ಸಲ ಬಂದದ್ದು ಒಂದು ಧೋತರ ಕೊಳ್ಳಲಿಕ್ಕೆ. ಮುಂಬಯಿ ರಾಜ್ಯ ಹೋಗಿ ನಾವೆಲ್ಲ ಮೈಸೂರು ರಾಜ್ಯದವರಾದ ಹೊಸತು. ನೀವು ಧೋತರ ತೋರಿಸಲಿಲ್ಲ. ನನ್ನ ಕಂಕುಳಲ್ಲಿದ್ದ ಪುಸ್ತಕವನ್ನೇ ನೋಡುತ್ತ, "ಏನ್ ಓದಾಕತ್ತೀರಿ ಮಾಸ್ತರ?" ಎಂದಿರಿ. ಆಮೇಲೆ ಮಾತು ಬರುವುದು ಬೇಡವೆಂದು ನಾನು ಮೊದಲೇ ಹೇಳಿಬಿಟ್ಟೆ: "ನಾ ಕಲ್ಲೋಳಿ ಹೊಲಗೇರಿಯಾಂವ ಅದೀನ್ರಿ." ನೀವು ಗಜಕೋಲು ಕೆಳಗಿಟ್ಟಿರಿ. "ನಾ ಪುಸ್ತಕ ಕೇಳೇನಿ, ಕೇರಿ ಕೇಳಿಲ್ಲ." ಆ ಒಂದು ಮಾತಿಗೆ ನಾನು ನಿಮ್ಮವನಾದೆ. ಇಷ್ಟು ಬೇಗ ಯಾಕೆ ಒಲಿದೆ ಎಂದು ಆಮೇಲೆ ನನ್ನನ್ನೇ ಬೈದುಕೊಂಡದ್ದುಂಟು.

ಐತವಾರ ಮಧ್ಯಾಹ್ನ ನಿಮ್ಮ ಗಾದಿಯ ಮೇಲೆ ಮೂವರು ಕೂಡುತ್ತಿದ್ದೆವು. ನೀವು, ನಾನು, ಹುಕ್ಕೇರಿ ಕಚೇರಿಯ ಕಾರಕೂನ ಗೋವಿಂದರಾಯರು. ರಾಯರು ಗೋಕಾಕದ ಅಕ್ಕನ ಮನೆಗೆಂದು ಬಸ್ಸು ಹತ್ತುತ್ತಿದ್ದರು, ಅಕ್ಕನಿಗಿಂತ ಹೆಚ್ಚು ಹೊತ್ತು ನಮ್ಮೊಡನೆ ಇರುತ್ತಿದ್ದರು. ಒಳಬಾಗಿಲ ಆಚೆ, ಜೋಳ ಹಸನು ಮಾಡುವ ನೆವದಲ್ಲಿ ಕಿವಿಯನ್ನೆಲ್ಲ ಇತ್ತ ಇಟ್ಟುಕೊಂಡು, ನಿಮ್ಮ ಮನೆಯವರು, ನಮ್ಮ ಕಾಕೂ. ನಿಮ್ಮ ಕಟ್ಟಳೆ ಒಂದೇ ಆಗಿತ್ತು: ಮುಗಿಸಿದ ಪುಸ್ತಕದ ಮಾತು ಆಡಬಾರದು, ಈಗ ಓದುತ್ತಿರುವುದನ್ನಷ್ಟೇ ಹೇಳಬೇಕು. "ಪುಸ್ತಕ ಮುಗಿಸಿದ ಮ್ಯಾಲೆ ಮನಶ್ಯಾ ಶಾಣ್ಯಾ ಆಗತಾನ. ನಡುವ ಇದ್ದಾಗ ಅಷ್ಟ ಖರೇ ಹೇಳತಾನ," ಎನ್ನುತ್ತಿದ್ದಿರಿ. ಹಾಗಾಗಿ ಎಲ್ಲರ ಅಭಿಪ್ರಾಯವೂ ಅರ್ಧ ಬೆಂದದ್ದು. ಒಂದು ವಾರ ನೀವು ಹೊಗಳಿದ ನಾಯಕನನ್ನು ಮುಂದಿನ ವಾರ ನೀವೇ ಹಿಡಿದು ಬೈಯುತ್ತಿದ್ದಿರಿ, ಒಂದಿಷ್ಟೂ ನಾಚದೆ. ಸಭೆಗಳಲ್ಲಿ ಘೋಷಣೆ ಕೂಗಿ ಪಳಗಿದ ಗಂಟಲು ನನ್ನದು. ಹೇಳಿದ ಮಾತನ್ನು ಹಿಂದೆ ತೆಗೆದುಕೊಳ್ಳುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಧಾರವಾಡಕ್ಕೆ ಹೋಗಿದ್ದ ನೀವು ಆ ದಪ್ಪ ಕಾದಂಬರಿ ತಂದ ವಾರ ನೆನಪಿದೆಯೇ? ಒಬ್ಬ ಉದಾರಿ ಜಮೀನ್ದಾರ, ಕೇರಿಯ ಒಬ್ಬ ತಬ್ಬಲಿ ಹುಡುಗ. ಧಣಿ ಅವನನ್ನು ತನ್ನ ದೊಡ್ಡ ಮನೆಗೆ, ವಾಡೆಗೆ, ಕರೆತಂದು ಓದಿಸುತ್ತಾನೆ. ಪುಸ್ತಕ ಒಂದೇ, ವಾರಕ್ಕೊಬ್ಬರ ಪಾಳಿ. ನಿಮ್ಮ ಪಾಳಿ ಮುಗಿದಾಗ ನೀವು ಕಣ್ಣು ಒರೆಸಿಕೊಂಡಿರಿ. ರಾಯರು, "ಇಂಥಾದ್ದು ಮನಿಮನಿಯೊಳಗ ಇರಬೇಕ್ರಿ. ಕಾಯ್ದೆ ಮಾಡದ್ದನ್ನ ಕಾದಂಬರಿ ಮಾಡ್ತದ," ಎಂದರು. ಆಮೇಲೆ ನನ್ನನ್ನು ಕೇಳಿದಿರಿ.

"ಹುಡುಗ ವಾಡೇಕ್ಕ ಬಂದು ಎರಡ ವರ್ಷ ಆತ್ರಿ," ಎಂದೆ. "ಇನ್ನಾ ಉಂಡಿಲ್ಲ."

"ಅಂದ್ರ?"

"ಧಣಿ ಉಂಡಾನ, ಧಣಿ ಅಳಿಯಾ ಉಂಡಾನ. ಹೋಳಿಗಿ ಮಾಡಿದ್ದ ಎರಡ ಪುಟ ಐತಿ. ನಾಯಿಗಿ ಹಾಲು ಅನ್ನ ಹಾಕ್ಯಾರ. ಇವಾ ಒಬ್ಬಾಂವ ಪಾಟಿ ಬಳಪ ಹಿಡಕೊಂಡ ಕುಂತಾನ."

ರಾಯರು ನಕ್ಕರು. "ಮಾಸ್ತರ, ಅದು ಕಾದಂಬರಿ ಅದ, ಖಾನಾವಳಿ ಅಲ್ಲ."

ನೀವು ನಗಲಿಲ್ಲ. ಪುಟಗಳನ್ನು ಹಿಂದೆ ಮುಂದೆ ಮಗುಚಿ ನೋಡಿದಿರಿ. ಬಹಳ ಹೊತ್ತಿನ ಮೇಲೆ, "ಹೌದ್ರಿ, ಉಂಡಿಲ್ಲ," ಎಂದಿರಿ.

ಮುಂದಿನ ವಾರ ನಾನು ಹೊಸ್ತಿಲು ದಾಟುವ ಮೊದಲೇ ನಿಮ್ಮ ಪ್ರಶ್ನೆ ಬಂತು: "ಈ ವಾರರೆ ಉಂಡನೇನ್ರಿ?" ಅದರಾಚೆ ನನ್ನ ಪಾಳಿ ಬಂದಾಗಲೆಲ್ಲ ಅದೇ. ನಿಮಗೆ ಅದು ಓದುಗನ ಕುತೂಹಲ. ನನಗೆ? ಊಟ ಬರೆಯಬೇಕಾದರೆ ಬರೆಯುವವನು ಹುಡುಗನನ್ನು ಎಲ್ಲಾದರೂ ಕೂಡ್ರಿಸಲೇಬೇಕಲ್ಲ. ಅಡಿಗೆಮನೆಯಲ್ಲೋ, ದನದ ಕೊಟ್ಟಿಗೆಯಲ್ಲೋ? ಯಾವ ತಾಟಿನಲ್ಲಿ? ಉಂಡ ಮೇಲೆ ಆ ತಾಟು ಬೆಳಗಿದವರು ಯಾರು? ಉದ್ಧಾರದ ಭಾಷಣವನ್ನು ಹತ್ತು ಪುಟ ಬರೆಯುವುದು ಸುಲಭ, ಒಂದು ತಾಟು ಇಡುವುದು ಕಷ್ಟ. ಅವನು ಇಡುತ್ತಾನೋ ಇಲ್ಲವೋ ಎಂದು ನೋಡಲಿಕ್ಕೇ ನಾನು ಓದುತ್ತಿದ್ದೆ. ಇಟ್ಟರೆ, ನಿಮ್ಮಂಥವರ ನಡುವೆ ನನಗೂ ಜಾಗ ಇದೆಯೆಂದು ನಂಬಬಹುದಿತ್ತು. ಇಡದಿದ್ದರೆ, ನಾನು ಆ ಗಾದಿಯ ಮೇಲೆ ಕೂತು ಏನು ಮಾಡುತ್ತಿದ್ದೆ...

ಪಾಳಿ ಬದಲಿಸೋಣ ಎಂದು ರಾಯರು ಹೇಳಿದ ಮಧ್ಯಾಹ್ನ ನೀವು ಹೊಸ ಅರಿವೆಯ ಥಾನು ಬಿಚ್ಚುತ್ತಿದ್ದಿರಿ. "ವಾರವಾರ ಕೈ ಬದಲಾದರ ಓದು ಕೆಡ್ತದರಿ. ಒಬ್ಬರು ಪೂರ್ತಿ ಮುಗಿಸಿ ಮುಂದಿನವರಿಗೆ ಕೊಡೋಣ. ಮೊದಲ ನಾನು, ಆಮೇಲೆ ನೀವು, ಕಡೀಕ ಮಾಸ್ತರು." ಯಾಕೆ ಎಂದು ಯಾರೂ ಕೇಳಲಿಲ್ಲ. ನನ್ನ ಕೈ ಬಿಟ್ಟ ಪುಸ್ತಕ ಅವರ ಕೈಗೆ ಬರುವುದು ತಪ್ಪಬೇಕಿತ್ತು, ಅಷ್ಟೇ. ಒಳಗೆ ಮೊರದ ಸಪ್ಪಳ ನಿಂತಿತು.

"ರಾಯರ, ಒಂದ ಮಾತ ಕೇಳ್ಲೇನ್ರಿ?" ಕಾಕೂ ಬಾಗಿಲ ಹಿಂದಿನಿಂದಲೇ ಕೇಳಿದರು.

"ಕೇಳ್ರಿ ವೈನಿ."

"ಹಾಳಿ ತಿರುವುವಾಗ ಬಟ್ಟು ನಾಲಿಗಿಗಿ ಹಚ್ಚತೀರೋ ಇಲ್ಲೋ?"

"ಅದು... ಎಲ್ಲಾರೂ ಹಚ್ಚತಾರಲ್ರಿ."

"ನಾನೂ ಅದನ್ನ ಹೇಳಾಕತ್ತೇನಿ. ನಮ್ಮನಿಯವರೂ ಹಚ್ಚತಾರ, ಮಾಸ್ತರೂ ಹಚ್ಚತಾರ. ವರ್ಷಗಟ್ಟಲೆ ಮೂರೂ ಮಂದಿ ಒಬ್ಬರ ಎಂಜಲಾ ಒಬ್ಬರು ನೆಕ್ಕೀರಿ. ಈಗ ಪಾಳಿ ಬದಲ ಮಾಡಿ ಏನ್ ಉಳಿಸ್ಕೋತೀರಿ?"

ನಾನು ಗಾದಿಯ ಮೇಲೆ ಉರುಳಿ ನಕ್ಕೆ. ರಾಯರು ತಮ್ಮ ಬೆರಳನ್ನು ಬೇರೆ ಯಾರದೋ ಬೆರಳೆಂಬಂತೆ ನೋಡಿಕೊಂಡರು. ಅಂದಿನಿಂದ ಅವರು ಬೇವಿನ ಕಡ್ಡಿಯಿಂದ ಪುಟ ಮಗುಚತೊಡಗಿದ್ದು ನಿಮಗೂ ಗೊತ್ತು. ಆದರೆ ನೀವು? ಥಾನನ್ನು ಮತ್ತೆ ಸುತ್ತುತ್ತ, "ರಾಯರು ಮೊದಲ ಓದಲಿ, ಮಾಸ್ತರು ನಡುವ. ಕಡೀಕ ನಾ ಓದತೇನಿ," ಎಂದಿರಿ. ಎಲ್ಲರಿಗೂ ಸಮಾಧಾನ, ನನಗೊಬ್ಬನಿಗೆ ಇಲ್ಲ. ಕಡೆಯ ಜಾಗವನ್ನು ನೀವು ತೆಗೆದುಕೊಂಡಿರಿ, ಸರಿ. ನನಗೆ ಕಡೆಯ ಜಾಗ ತೋರಿಸಿದವರನ್ನು ಒಂದು ಮಾತು ಕೇಳಲಿಲ್ಲವಲ್ಲ. ತ್ಯಾಗ ಮಾಡಿ ಜಗಳ ತಪ್ಪಿಸಿಕೊಂಡಿರಿ. ಆ ಕಾದಂಬರಿಯ ಧಣಿಯೂ ಹೀಗೇ ಅಲ್ಲವೇ, ತಾನು ಬಿಟ್ಟುಕೊಡುತ್ತಾನೆ, ಇನ್ನೊಬ್ಬರನ್ನು ತಡೆಯುವುದಿಲ್ಲ?

ನೀವು ಹಾಸಿಗೆ ಹಿಡಿದಾಗ ಪುಸ್ತಕ ನನ್ನ ಹತ್ತಿರ ಇತ್ತು. ರಾಯರು ಮುಗಿಸಿದ್ದರು. ಮುಗಿಸಿದವರು ಬಾಯಿ ಬಿಡುವಂತಿಲ್ಲವಾದ್ದರಿಂದ ಮೀಸೆಯಲ್ಲೇ ನಗುತ್ತಿದ್ದರು. ನಿಮ್ಮನ್ನು ನೋಡಲು ಬಂದೆ. ಮಾತಾಡಲು ನಿಮಗೆ ತ್ರಾಣ ಇರಲಿಲ್ಲ. ಆದರೂ ಕೈಸನ್ನೆ ಮಾಡಿ ಕೇಳಿದಿರಿ, ಬೆರಳುಗಳನ್ನು ಕೂಡಿಸಿ ಬಾಯಿಯ ಹತ್ತಿರ ಒಯ್ದು: ಉಂಡನೇ? "ಇನ್ನಾ ಓದಾಕತ್ತೇನ್ರಿ ಕಾಕಾ," ಎಂದೆ. ಅದು ಖರೆಯೇ ಆಗಿತ್ತು. ಓದಿ ಮುಗಿಸುವುದರೊಳಗೆ ನೀವು ಹೋಗಿಬಿಟ್ಟಿರಿ.

ಮೂಡಲಗಿಯಿಂದ ಗೋಕಾಕಕ್ಕೆ ಬರುವ ಬಸ್ಸಿನಲ್ಲಿ ಕಡೆಯ ಅಧ್ಯಾಯ ಓದಿದೆ. ಹೇಳುತ್ತೇನೆ, ಕೇಳಿರಿ. ಹುಡುಗ ವಕೀಲನಾಗುತ್ತಾನೆ. ಕರಿ ಕೋಟು ತೊಟ್ಟು ಊರಿಗೆ ಬರುತ್ತಾನೆ. ಧಣಿ ಹಾರ ಹಾಕುತ್ತಾನೆ. ಊರಿಗೆಲ್ಲ ಸಿಹಿ ಊಟವಾಯಿತು ಎಂದು ಒಂದು ಸಾಲಿದೆ. ಊರೆಲ್ಲ ಉಣ್ಣುವಾಗ ನಮ್ಮ ಹುಡುಗ ಏನು ಮಾಡುತ್ತಾನೆ? ಧಣಿಯ ಪಾದ ಹಿಡಿದು ಅಳುತ್ತಾನೆ. ಅಲ್ಲಿಗೆ ಕಾದಂಬರಿ ಮುಗಿಯಿತು. ಇಷ್ಟು ದೊಡ್ಡ ಪುಸ್ತಕದಲ್ಲಿ ಅವನ ಬಾಯಿಗೆ ಒಂದು ತುತ್ತು ಹೋಗಲಿಲ್ಲ ಕಾಕಾ. ಉಪವಾಸವಿದ್ದೇ ವಕೀಲನಾದ. ಪುಸ್ತಕವನ್ನು ಕಿಟಕಿಯಿಂದ ಎಸೆಯಬೇಕೆನ್ನಿಸಿತು. ಆದರೆ ಅದು ನಿಮ್ಮದು. ಅಂಗಡಿಗೆ ಹೊತ್ತು ತಂದೆ.

ಅಂಗಡಿಯಲ್ಲಿ ಈಗ ಕಾಕೂ ಕೂಡುತ್ತಾರೆ. ಗಂಡಸರು ಇಲ್ಲದ ಅಂಗಡಿ ಎಂದು ಬಂದುಹೋದವರು ಆಡಿಕೊಳ್ಳುತ್ತಾರೆ. ಕಾಕೂ ಗಜಕೋಲು ಕೆಳಗಿಡುವುದಿಲ್ಲ. ನಾನು ಪುಸ್ತಕ ಕೊಟ್ಟೆ. ಅವರು ಅದನ್ನು ತೆರೆಯದೆ ನನ್ನ ಮುಖ ನೋಡಿದರು.

"ಉಂಡನೇನ್ರಿ ಮಾಸ್ತರ?"

"ಇಲ್ರಿ ಕಾಕೂ. ಕಡೀತನಕ ಉಣ್ಣಲಿಲ್ಲ."

ಅವರು ಪುಸ್ತಕವನ್ನು ಗಾದಿಯ ಮೇಲೆ ಇಟ್ಟರು. ಆಮೇಲೆ ಹೇಳಿದರು: "ನೀವು ಬರೂಕಿಂತ ಮೊದಲ ಐತವಾರಕ್ಕೊಮ್ಮೆ ಚಹಾ ಆಕ್ಕಿತ್ರಿ. ರಾಯರಿಗೆ ಎರಡ ಸಲ ಬೇಕಾಕ್ಕಿತ್ತು. ನೀವು ಬರ್ತೀರಿ ಅಂದ ದಿನ ಇವರು ಅಡಗಿಮನಿ ಬಾಗಲಾಗ ಬಂದ ನಿಂತ್ರು. ಇನ್ನ ಮ್ಯಾಲೆ ಯಾರಿಗೂ ಚಹಾ ಬ್ಯಾಡ ಅಂದ್ರು. ಯಾಕ ಅಂತ ನಾ ಕೇಳಲಿಲ್ಲ, ಅವರು ಹೇಳಲಿಲ್ಲ."

ಇದನ್ನೇ ಕಾಕಾ ನಾನು ನಿಮ್ಮನ್ನು ಕೇಳಬೇಕಾಗಿರುವುದು. ಅಷ್ಟು ಐತವಾರ ಒಣಗಂಟಲಲ್ಲಿ ವಾದ ಮಾಡಿದೆವಲ್ಲ, ಅದು ನಿಮ್ಮ ಮನೆಯ ರೂಢಿ ಎಂದೇ ನಾನು ತಿಳಿದಿದ್ದೆ. ನನ್ನ ಮುಂದೆ ಬೇರೆ ಕಪ್ಪು ಇಡುವ ಪಾಪ ಬೇಡವೆಂದು ಒಲೆಯನ್ನೇ ಆರಿಸಿದಿರೋ? ಅಥವಾ ಮನೆಯ ಕಪ್ಪು ನನ್ನ ತುಟಿಗೆ ತಾಗಬಾರದೆಂದೋ? ನನಗೆ ಅವಮಾನವಾಗದಿರಲೆಂದೋ, ನಿಮಗೆ ಮೈಲಿಗೆಯಾಗದಿರಲೆಂದೋ? ಯಾವುದು? ಎರಡೂ ಇದ್ದಿರಬಹುದು. ಒಂದೇ ಮನಸ್ಸಿನಲ್ಲಿ ಎರಡೂ ಹೇಗೆ ಕೂತಿದ್ದವು ಎಂದು ತಿಳಿಯುವ ಆಸೆ ನನಗೆ. ಆ ಹುಡುಗನ ಊಟ ಹುಡುಕುತ್ತ ಪುಟ ಮಗುಚುತ್ತಿದ್ದಾಗ ನಿಮಗೆ ನಿಮ್ಮ ಅಡಿಗೆಮನೆ ನೆನಪಾಗಲಿಲ್ಲವೇ? ಆಗಿದ್ದರಿಂದಲೇ ಪ್ರತಿ ಸಲ ಕೇಳುತ್ತಿದ್ದಿರೋ...

ಕಾಕೂ ಒಳಗೆ ಹೋಗಿ ಒಲೆ ಹಚ್ಚಿದ ಸಪ್ಪಳ ಕೇಳಿಸಿತು. ನಾನು ಎದ್ದು ನಿಂತೆ.

"ಈಗ ಬ್ಯಾಡ್ರಿ ಕಾಕೂ. ನಾ ಒಬ್ಬಾಂವ ಇದ್ದಾಗ ಬ್ಯಾಡ. ರಾಯರು ಕುಂತಿರಲಿ, ಆವಾಗ ಮಾಡ್ರಿ."

ಅವರು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ಸಿಟ್ಟಾಗಿದ್ದಾರೆಂದುಕೊಂಡೆ, ನಗುತ್ತಿದ್ದರು. "ಭಾಳ ಬೆರಕಿ ಅದೀರಿ ಮಾಸ್ತರ. ಹಂಗಾದ್ರ ಐತವಾರ ಬರ್ರಿ. ಅವರಿಗೂ ಹೇಳಿ ಕಳಸ್ತೇನಿ."

ಮೊನ್ನೆಯ ಐತವಾರ ರಾಯರು ಬಂದರು. ಕಾಕೂ ಗಾದಿಯ ನಡುವೆ ಹಿತ್ತಾಳೆ ಹರಿವಾಣ ಇಟ್ಟರು. ಮೂರು ಕಪ್ಪು, ಮೂರು ಬಶಿ, ಎಲ್ಲ ಒಂದೇ ಜೋಡಿಯವು, ಅಂಚಿಗೆ ನೀಲಿ ಗೆರೆ. ಇಟ್ಟು ಒಳಗೆ ಹೋಗಲಿಲ್ಲ. ನೀವು ಕೂಡುತ್ತಿದ್ದಲ್ಲೇ ಕೂತು ಒಂದನ್ನು ತಾವು ತೆಗೆದುಕೊಂಡರು. ನಾನೊಂದು ತೆಗೆದುಕೊಂಡೆ. ರಾಯರು ಗೋಡೆ ನೋಡಿದರು.

"ನಾ ಅಕ್ಕನ ಮನ್ಯಾಗ ಕುಡದ ಬಂದೇನ್ರಿ ವೈನಿ."

"ಇರ್ಲಿ ಬಿಡ್ರಿ. ಏನ್ ಓದಾಕತ್ತೀರಿ ಅದನ್ನರೆ ಹೇಳ್ರಿ."

ಹೇಳಿದರು. ಯಾವುದೋ ಪ್ರವಾಸದ ಪುಸ್ತಕ. ಕಾಕೂ ಅದರ ತುಂಬ ಬರೀ ಗುಡಿಗಳೇ ಇವೆಯೋ, ಮನುಷ್ಯರೂ ಇದ್ದಾರೋ ಎಂದು ಕೇಳಿದರು. ರಾಯರು ಸಿಟ್ಟಿಗೆದ್ದು ವಾದ ಮಾಡಿದರು, ನಾನೂ ಬಿಡಲಿಲ್ಲ. ಮೂರನೆಯ ಕಪ್ಪು ಅಲ್ಲೇ ಕೆನೆಗಟ್ಟಿತು. ರಾಯರು ಅದನ್ನು ಮುಟ್ಟಲಿಲ್ಲ. ಆದರೆ ಎದ್ದೂ ಹೋಗಲಿಲ್ಲ ಕಾಕಾ. ಹುಕ್ಕೇರಿ ಬಸ್ಸಿನ ಹೊತ್ತಾಗುವವರೆಗೆ ನಮ್ಮಿಬ್ಬರ ಖಾಲಿ ಕಪ್ಪುಗಳ ಬಾಜೂಕ್ಕೆ ಕೂತೇ ಇದ್ದರು. ಹೊರಡುವಾಗ ಚಪ್ಪಲಿಯೊಳಗೆ ಕಾಲು ತೂರಿಸುತ್ತ, ತಿರುಗಿ ನೋಡದೆ ಕೇಳಿದರು:

"ಚಹಾಕ್ಕ ಯಾಲಕ್ಕಿ ಹಾಕೀರೇನ್ರಿ ವೈನಿ? ವಾಸನಿ ಬಂತು."

"ಕುಡದವರಿಗೆ ಗೊತ್ತಾಕ್ಕೈತ್ರಿ ರಾಯರ," ಎಂದರು ಕಾಕೂ, ತುಂಬಿದ ಕಪ್ಪಿದ್ದ ಹರಿವಾಣವನ್ನು ಎತ್ತಿಕೊಳ್ಳುತ್ತ. "ಬರೂ ಐತವಾರನೂ ಮೂರ ಇಡ್ತೇನಿ."