ಐದು ತುಂಡಿನ ಶಾಲೆ

ಏಪ್ರಿಲ್ 8. ಬೆಳಿಗ್ಗೆ 6.20
ಇಸ್ರೇಲಿ ಚೆಕ್‌ಪೋಸ್ಟಿನ ಕ್ಯೂನಲ್ಲಿ ನಿಂತೇ ಬರೆಯುತ್ತಿದ್ದೇನೆ. ತಿರುಗುಗೇಟಿನ ಮೇಲೆ ಕೆಂಪು ದೀಪ. ಹದಿನೈದು ನಿಮಿಷದಿಂದ ಕೆಂಪೇ. ಗಾಜಿನ ಹಿಂದೆ ಕೂತ ಸಿಪಾಯಿ ಫೋನ್ ನೋಡಿಕೊಂಡು ನಗುತ್ತಿದ್ದಾಳೆ. ಬೆತ್ಲೆಹೇಮಿನಿಂದ ಜೆರುಸಲೇಮಿನ ಕಾಲೇಜಿಗೆ ಬಸ್ಸಿನಲ್ಲಿ ಇಪ್ಪತ್ತೇ ನಿಮಿಷ. ನಾಲ್ಕು ವರ್ಷದಲ್ಲಿ ಒಂದು ದಿನವೂ ಅಷ್ಟರಲ್ಲಿ ತಲುಪಿಲ್ಲ. ಪರ್ಮಿಟ್ ಇದೆ, ಸಹಿ ಇದೆ, ಸೀಲು ಇದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ.

8.10, ಬಸ್ಸು
ಬ್ಯಾಗು ಇಡುವ ನೆಪದಲ್ಲಿ ಎಕ್ಸ್‌ರೇ ಯಂತ್ರದ ಬಾಯಿಗೆ ಗೇಣು ಹಾಕಿ ನೋಡಿದೆ. ಅಗಲ ಮೂರು ಗೇಣು, ಎತ್ತರ ಎರಡು. ಆರ್ಕಿಟೆಕ್ಚರ್ ಪರೀಕ್ಷೆಗೆ ನಾನು ಮಾಡಿರುವ ಶಾಲೆ ಕಟ್ಟಡದ ಮಾಡೆಲ್ ಆರು ಗೇಣು. ಅಂದರೆ ಕತ್ತರಿಸಲೇಬೇಕು.

ಕಳೆದ ವಾರ ಪ್ರೊಫೆಸರ್ ಕೇಳಿದ್ದರು: "ಅರೀನ್, ನಿಮ್ಮ ಕಡೆಯಿಂದ ಬರೋರೆಲ್ಲ ಯಾಕಮ್ಮ ಡಬ್ಬಿ ಥರದ ಕಟ್ಟಡಾನೇ ಮಾಡ್ತೀರಿ?"
"ಯಂತ್ರದ ಬಾಯಿ ಅಷ್ಟೇ ಇರೋದು ಸಾರ್."
ಅವರು ನಗಲಿಲ್ಲ. ನನಗೂ ನಗು ಬರಲಿಲ್ಲ.

ಏಪ್ರಿಲ್ 11. ಬೆಳಿಗ್ಗೆ 7
ಹೊಸ ವರಾತ. ಸ್ಪೀಕರಿನಲ್ಲಿ ಕೂಗುತ್ತಿದ್ದಾರೆ — ಒಬ್ಬರಿಗೆ ಒಂದೇ ಚೀಲ. ಯಾವತ್ತಿನಿಂದ, ಯಾಕೆ, ಎಷ್ಟು ದಿನ? ಕೇಳಿದರೆ ಮತ್ತೆ ಕ್ಯೂನ ಬಾಲಕ್ಕೆ.

ನನ್ನ ಮುಂದೆ ಅಬು ನಿಝಾರ್. ಟೈಲ್ಸ್ ಕೆಲಸದವರು, ನಮ್ಮ ಓಣಿಯವರೇ. ಇಪ್ಪತ್ತೆರಡು ವರ್ಷ ಸಿಮೆಂಟು ಕಲಸಿ ಬೆರಳ ಗೆರೆಗಳೆಲ್ಲ ಸವೆದುಹೋಗಿವೆ. ಬೆರಳಚ್ಚು ಯಂತ್ರ ಅವರನ್ನು ಗುರುತೇ ಹಿಡಿಯುವುದಿಲ್ಲ. ಮಲಗುವ ಮುಂಚೆ ಆಲಿವ್ ಎಣ್ಣೆ ತಿಕ್ಕುತ್ತಾರಂತೆ. ಇವತ್ತು ನಾಲ್ಕನೇ ಸಲಕ್ಕೆ ಹಸಿರು ಬಂತು.

"ಹೆಂಡ್ತಿ ಗುರುತು ಹಿಡೀತಾಳೆ, ಮೇಸ್ತ್ರಿ ಗುರುತು ಹಿಡೀತಾನೆ, ಈ ಡಬ್ಬಾಕ್ಕೆ ಮಾತ್ರ ನಾನು ಯಾರೂ ಅಲ್ಲ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಇಂಜಿನಿಯರಮ್ಮ, ಯಾಕೆ ಮುಖ ಊದಿಸ್ಕೊಂಡಿದೀಯ?"
ಮಾಡೆಲ್ ವಿಷಯ ಹೇಳಿದೆ.
"ಅಷ್ಟೇನಾ? ಐದು ತುಂಡು ಮಾಡು. ನಾವೆಲ್ಲ ಒಂದೊಂದು ಹೊರ್ತೀವಿ. ಶಾಲೆ ಕಟ್ಟೋದು ಒಬ್ಬರ ಕೆಲಸಾನಾ?"

ಏಪ್ರಿಲ್ 15
ಕತ್ತರಿಸಿದೆ. ನಾಲ್ಕು ಮೂಲೆಗೆ ನಾಲ್ಕು ತರಗತಿ, ನಡುವೆ ಅಂಗಳ. ಅಂಗಳದ ಗೂಟಗಳಿಗೇ ನಾಲ್ಕೂ ಸಿಕ್ಕಿಕೊಳ್ಳಬೇಕು. ಅದಿಲ್ಲದಿದ್ದರೆ ಒಂದೂ ನಿಲ್ಲುವುದಿಲ್ಲ. ಅಮ್ಮ: "ಅಡುಗೆಮನೆ ಮೇಜಿನ ಮೇಲೆ ಶಾಲೆ ಕಟ್ಟಿದ್ರೆ ನಾನು ಹಿಟ್ಟು ಎಲ್ಲಿ ನಾದಲಿ? ನಿನ್ನ ತಲೆ ಮೇಲಾ?"

ಏಪ್ರಿಲ್ 19
ಇಸ್ರೇಲಿನವರಿಗೆ ಹಬ್ಬದ ರಜೆ, ನಮಗೆ ಗೇಟು ಬಂದ್. ಹೋದ ವರ್ಷವೂ ಇಂಥದೇ ಬಂದ್‌ನಲ್ಲಿ ಮಾಡೆಲ್ ತೋರಿಸುವ ಜ್ಯೂರಿ ಪರೀಕ್ಷೆ ತಪ್ಪಿತು. ಕಾಲೇಜು ಇನ್ನೊಂದೇ ಅವಕಾಶ ಕೊಟ್ಟಿದೆ: 22, ಬೆಳಿಗ್ಗೆ ಹತ್ತೂವರೆ. ತಪ್ಪಿದರೆ ನಾಲ್ಕು ವರ್ಷ ನೀರಿಗೆ. ಭಯವಾಗುತ್ತಿದೆ. ಹಲ್ಲು ಕಚ್ಚಿ ಮಾಡೆಲ್‌ಗೆ ಮರಗಳನ್ನು ಅಂಟಿಸುತ್ತಿದ್ದೇನೆ.

ಏಪ್ರಿಲ್ 22. 5.50
ತುಂಡುಗಳನ್ನು ಹಂಚಿದೆ. ಮೂರು ತರಗತಿ ಅಬು ನಿಝಾರ್ ಜೊತೆ ಬರುವ ಮೂವರು ಗಾರೆಯವರ ಚೀಲದಲ್ಲಿ. ಒಂದು ನನ್ನ ಹತ್ತಿರ. ಅಂಗಳ ಅಬು ನಿಝಾರ್ ಹತ್ತಿರ, ಊಟದ ಚೀಲದಲ್ಲಿ ರೊಟ್ಟಿಯ ಮೇಲೆ. ಅವರಷ್ಟು ನಂಬಿಗಸ್ತರು ಇನ್ಯಾರಿದ್ದಾರೆ.

7.45, ಆಚೆ ಬದಿ
ನನ್ನ ಬುದ್ಧಿಗೆ ಮಣ್ಣು ಹಾಕ! ಮನುಷ್ಯನನ್ನು ನಂಬಿ ಕೊಟ್ಟೆ, ಬೆರಳು ನೆನಪಾಗಲಿಲ್ಲ. ನಿನ್ನೆಯೆಲ್ಲ ಸಿಮೆಂಟು ಕಲಸಿದ್ದಾರೆ. ಮೂರು ಸಲ ಕೆಂಪು. ಸ್ಪೀಕರಿನಲ್ಲಿ "ಹಿಂದೆ ಹೋಗು". ಚೀಲ ಎದೆಗೆ ಅವಚಿಕೊಂಡು ಹೋದರು. ಗಾರೆಯವರು ತಮ್ಮ ಮೂರೂ ತುಂಡು ನನ್ನ ಕೈಗಿಟ್ಟು ಕೆಲಸಕ್ಕೆ ಓಡಿದರು. ನಾನು ವಾಪಸ್ ಹೋಗುವಂತಿಲ್ಲ. ಹೋದರೆ ಮತ್ತೆ ಮೊದಲಿಂದ.

9.40, ಕಾಲೇಜು
ಫೋನ್ ಬಂತು.
"ಎರಡನೇ ಸಲ ಕ್ಯೂನಲ್ಲಿದೀನಿ ಮಗಳೇ. ಅಂಗಳ ಚೆನ್ನಾಗಿದೆ. ರೊಟ್ಟಿಗೆ ಹಾಕಿದ್ದ ಝಾತರ್ ಮಸಾಲೆ ಪುಡಿ ಸ್ವಲ್ಪ ಉದುರಿದೆ, ಅಷ್ಟೇ."
"ಚಿಕ್ಕಪ್ಪ, ನಿಮ್ಮ ಕೆಲಸ?"
"ಮೇಸ್ತ್ರಿ ಬೇರೆಯವರನ್ನ ಕರ್ಕೊಂಡ. ಈಗೇನು, ಪುರುಸೊತ್ತೋ ಪುರುಸೊತ್ತು."
ಕಣ್ಣಲ್ಲಿ ನೀರು ಬಂತು. ಸಿಟ್ಟಿಗೋ, ಪ್ರೀತಿಗೋ... ಎರಡಕ್ಕೂ.

10.35
ನಾಲ್ಕು ತುಂಡು ಮೇಜಿನ ಮೇಲೆ. ಪುಸ್ತಕ ಆನಿಸಿ ನಿಲ್ಲಿಸಿದೆ, ಒಂದು ಮಗುಚಿತು. ಪ್ರೊಫೆಸರ್ ನೋಡಿದರು.
"ನಡುವೆ ಏನಿತ್ತು?"
"ಅಂಗಳ ಸಾರ್."
"ಎಲ್ಲಿ ಅದು?"
"ಗೇಟಿನಲ್ಲಿ, ಕ್ಯೂನಲ್ಲಿ ನಿಂತಿದೆ."
ಮಗುಚಿದ ತುಂಡನ್ನು ಎತ್ತಿ ನಿಲ್ಲಿಸಿದರು. "ನಿನ್ನನ್ನ ಕೊನೆಗೆ ಹಾಕ್ತೀನಿ. ಮಧ್ಯಾಹ್ನ ಒಂದರವರೆಗೆ ಕಾಯ್ತೀವಿ. ಅದರಾಚೆಗೆ ನನ್ನ ಕೈಲಿಲ್ಲ."

12.30
ಫೋನ್. ಕೂಗಾಡುತ್ತಿದ್ದರು. "ಹಸಿರು! ಹಸಿರು ಬಂತು! ರೊಟ್ಟಿ ಎಣ್ಣೇಲಿ ಬೆರಳು ಅದ್ದಿದೆ ನೋಡು! ಬಸ್ ಹತ್ತಿದೆ!"

12.52
ಇನ್ನೊಬ್ಬ ಹುಡುಗಿ ಮುಗಿಸಿದರೆ ನಾನೇ. ಜ್ಯೂರಿಯವರಲ್ಲಿ ಒಬ್ಬರು ಆಗಲೇ ಬ್ಯಾಗು ತುಂಬಿಕೊಳ್ಳುತ್ತಿದ್ದಾರೆ. ವರಾಂಡದ ಕಿಟಕಿಯಲ್ಲಿ ನಿಂತಿದ್ದೇನೆ. ರಸ್ತೆಯ ತುದಿಯಲ್ಲಿ ಬಸ್ಸು ನಿಂತಿತು. ಇಳಿದರು! ಚೀಲವನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದು ಓಡಿ ಬರುತ್ತಿದ್ದಾರೆ, ಐವತ್ತು ದಾಟಿದ ಮನುಷ್ಯ.

12.56
ಒಳಗಿನಿಂದ ನನ್ನ ಹೆಸರು ಕರೆದರು. ಅಬು ನಿಝಾರ್ ಕಾಲೇಜಿನ ಬಾಗಿಲಿಗೆ ಬಂದೇಬಿಟ್ಟರು. ಅಲ್ಲಿ ವಾಚ್‌ಮನ್ ಕೈ ಅಡ್ಡ ಹಿಡಿದು, ಚೀಲ ಬಿಚ್ಚು, ಗುರುತಿನ ಚೀಟಿ ತೋರಿಸು, ಯಾರನ್ನ ನೋಡ್ಬೇಕು ಅಂತ— ಇಲ್ಲೂ ಒಂದು ಗೇಟು! ಬರೆದದ್ದು ಸಾಕು, ಅಂಗಳ ತರಲು ಓಡುತ್ತೇನೆ.